ವಿಶ್ವೇಶ್ವರಯ್ಯನವರ ಮಾತುಗಳ ಮೇಜಿನ ಕ್ಯಾಲೆಂಡರ್: ಚಿತ್ರ ಚೆನ್ನ, ಆಧಾರವೆಲ್ಲಿ?

ಚಿಕ್ಕಬಳ್ಳಾಪುರದ ಸ್ಟೇಷನರಿ ಅಂಗಡಿಯೊಂದರಲ್ಲಿ ಜನವರಿಯ ಮೊದಲ ವಾರ 180 ರೂಪಾಯಿ ಕೊಟ್ಟು ತಂದ ಈ ಮೇಜಿನ ಕ್ಯಾಲೆಂಡರನ್ನು ಆರು ತಿಂಗಳು ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಒಟ್ಟು ಹನ್ನೆರಡು ಹಾಳೆ. ಪ್ರತಿಯೊಂದರಲ್ಲೂ ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರ, ಅದರ ಕೆಳಗೆ ಸ್ನೇಹವನ್ನೋ ಪ್ರಾಮಾಣಿಕತೆಯನ್ನೋ ಕುರಿತು ಅವರದೆನ್ನಲಾದ ಒಂದು ಮಾತು ಅಥವಾ ಪ್ರಸಂಗ. ಅವರು ಹುಟ್ಟಿದ ಮುದ್ದೇನಹಳ್ಳಿ ಪಕ್ಕದಲ್ಲೇ ಇರುವುದರಿಂದ ಅವರ ಹೆಸರಿನ ವಸ್ತುವನ್ನು ನಮ್ಮೂರಿನಲ್ಲಿ ಬೆಲೆ ಕೇಳಿ ವಾಪಸಿಡಲು ಮನಸ್ಸು ಬರುವುದಿಲ್ಲ. ಮುದ್ರಿಸಿದವರಿಗೂ ಇದು ಗೊತ್ತಿರಬೇಕು.

ಕ್ಯಾಲೆಂಡರಾಗಿ ಇದಕ್ಕೆ ಹೆಸರಿಡುವಂತಿಲ್ಲ. ಅಂಕಿಗಳು ದಪ್ಪವಾಗಿವೆ, ಅಮಾವಾಸ್ಯೆ ಹುಣ್ಣಿಮೆಗಳ ಗುರುತಿದೆ, ಸುರುಳಿ ತಂತಿ ಇನ್ನೂ ಸಡಿಲವಾಗಿಲ್ಲ. ಆದರೆ ಕಾಗದ ವಿಪರೀತ ನುಣುಪು: ಬಾಲ್‌ಪೆನ್ನಿನಲ್ಲಿ ಬರೆದು ಅರೆಗಳಿಗೆ ಕಾಯದೆ ಕೈಯಿಟ್ಟರೆ ಶಾಯಿ ಪಕ್ಕದ ತಾರೀಖಿಗೂ ಹರಡುತ್ತದೆ.

ನನ್ನ ತಕರಾರು ಒಳಗಿನ ಬರಹದ ಮೇಲೆ. ಮಾರ್ಚ್ ಹಾಳೆಯಲ್ಲಿ ಎಲ್ಲರೂ ಬಲ್ಲ ಮೇಣದಬತ್ತಿಯ ಕಥೆಯಿದೆ: ಸರ್ಕಾರಿ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಬತ್ತಿ. ಇದೇ ಕಥೆಯನ್ನು ಚಾಣಕ್ಯನ ಹೆಸರಿನಲ್ಲೂ ಖಲೀಫ ಉಮರ್ ಬಿನ್ ಅಬ್ದುಲ್ ಅಜೀಜ್ ಅವರ ಹೆಸರಿನಲ್ಲೂ ಹೇಳುತ್ತಾರೆ. ಗೆಳೆಯನ ತಪ್ಪನ್ನು ಮುಖಕ್ಕೇ ಹೇಳಬೇಕೆನ್ನುವ ಮೇ ತಿಂಗಳ ಮಾತನ್ನು ಅವರು ಯಾವ ಭಾಷಣದಲ್ಲಿ, ಯಾವ ವರ್ಷ ಆಡಿದರೆಂಬ ಸುಳಿವೇ ಇಲ್ಲ. ಪ್ರಾಮಾಣಿಕತೆಯನ್ನು ಬೋಧಿಸುವ ಹಾಳೆಯಲ್ಲಿ ಮೂಲದ ಒಂದು ಸಾಲಿಗೂ ಜಾಗ ಸಿಗದಿರುವುದು ವಿಚಿತ್ರ.

ಇದಕ್ಕಿಂತ ಬೇಸರದ ಸಂಗತಿಯೆಂದರೆ, ಸ್ನೇಹ ಮತ್ತು ನೇರನುಡಿ ಎರಡೂ ಕೂಡಿಬರುವ ಘಟನೆ ಅವರ ಬದುಕಿನಲ್ಲೇ ಇದ್ದರೂ ಹನ್ನೆರಡು ಹಾಳೆಗಳಲ್ಲಿ ಎಲ್ಲಿಯೂ ಅದು ಬಂದಿಲ್ಲ. 1912ರಿಂದ ಮೈಸೂರಿನ ದಿವಾನರಾಗಿದ್ದ ಅವರು, ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಸಮುದಾಯಗಳ ಪ್ರಾತಿನಿಧ್ಯವನ್ನು ಪರಿಶೀಲಿಸಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದಾಗ, ತಮ್ಮ ಭಿನ್ನಾಭಿಪ್ರಾಯವನ್ನು ಮುಚ್ಚಿಡದೆ ಅಧಿಕಾರದಿಂದ ದೂರ ಸರಿದರು. (ಆ ವಿಷಯದಲ್ಲಿ ಮಹಾರಾಜರದೇ ಸರಿಯಾದ ನಿಲುವೆಂಬುದು ನನ್ನ ಅಭಿಪ್ರಾಯ.) ಆದರೂ ಇಬ್ಬರ ನಡುವಿನ ವಿಶ್ವಾಸ ಕಡಿಯಲಿಲ್ಲ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ತೊಳಲುತ್ತಿದ್ದಾಗ 1923ರಲ್ಲಿ ಅದರ ಆಡಳಿತ ಮಂಡಳಿಯ ಅಧ್ಯಕ್ಷತೆ ಇವರ ಕೈಗೇ ಬಂತು. ಇದನ್ನು ನಾಲ್ಕು ಸಾಲಿನಲ್ಲಿ ಅಚ್ಚುಹಾಕಿದ್ದರೆ ನಾನು 300 ರೂಪಾಯಿಯನ್ನಾದರೂ ಕೊಡುತ್ತಿದ್ದೆ. ಭಾರತರತ್ನ ಬಂದದ್ದು 1955ರಲ್ಲಿ ಎಂದು ಡಿಸೆಂಬರ್ ಹಾಳೆ ಹೇಳುತ್ತದೆ; ಅದು ಸರಿಯಾಗಿದೆ.

ನನ್ನ ಮಟ್ಟಿಗೆ ಇದು ಉಪಯೋಗಕ್ಕೆ ಬಂದದ್ದು ಬೇರೊಂದು ರೀತಿಯಲ್ಲಿ. ಕೈಸಾಲ ಕೊಟ್ಟದ್ದನ್ನು ಆಯಾ ತಾರೀಖಿನ ಚೌಕದಲ್ಲಿ ಬರೆದಿಡುವುದು ನನ್ನ ರೂಢಿ. ರೇಷ್ಮೆಗೂಡಿನ ವ್ಯಾಪಾರ ಮಾಡುವ ಗೆಳೆಯರೊಬ್ಬರು ಹೋದ ತಿಂಗಳು ಕಾಫಿಗೆಂದು ಬಂದವರು, ಮೇ ತಿಂಗಳ ಆ ಮಾತನ್ನು ಗಟ್ಟಿಯಾಗಿ ಓದುತ್ತಾ ಕೆಳಗಿಳಿದು, 12ನೇ ತಾರೀಖಿನ ಚೌಕದಲ್ಲಿ ತಮ್ಮ ಹೆಸರನ್ನೂ ಅದರ ಮುಂದಿದ್ದ 2,000ವನ್ನೂ ಕಂಡು ಓದು ನಿಲ್ಲಿಸಿದರು. "ಇದನ್ನೂ ವಿಶ್ವೇಶ್ವರಯ್ಯನವರೇ ಬರೆದದ್ದೇನ್ರೀ?" ಎಂದು ನಕ್ಕು, ಸಾವಿರವನ್ನು ಅಲ್ಲೇ ಎಣಿಸಿಕೊಟ್ಟರು. ಉಳಿದ ಸಾವಿರವನ್ನು ಜುಲೈ ಹಾಳೆಗೆ ಪೆನ್ಸಿಲ್ಲಿನಲ್ಲಿ ದಾಟಿಸಿದ್ದೇನೆ. ಪೆನ್ಸಿಲ್ ಈ ಕಾಗದದ ಮೇಲೆ ಚೆನ್ನಾಗಿಯೇ ನಿಲ್ಲುತ್ತದೆ.