ಇಂಗ್ಲಿಷಿನಲ್ಲಿ ‘ಗುಡ್’ ಬದಲು ಏನು ಬರೆಯೋದು? ಪಟ್ಟಿ, ಥೆಸಾರಸ್, ನಿಘಂಟು, ಆ್ಯಪ್: ಬಳಸಿ ನೋಡಿದ ಹೋಲಿಕೆ

ಪದವಿ ತರಗತಿಗೆ ಇಂಗ್ಲಿಷ್ ಪಾಠ ಮಾಡುವವರ ಕೈಗೆ ಇಂಥ ಪ್ರಬಂಧ ಪದೇ ಪದೇ ಬರುತ್ತದೆ. ವಿಷಯ ಊರ ಜಾತ್ರೆ. ಬರೆದಿರುವುದು ಅರ್ಧ ಪುಟ. ಅದರಲ್ಲಿ ಗುಡ್ ಕ್ರೌಡ್, ಗುಡ್ ಫುಡ್, ಗುಡ್ ರೋಡ್, ಗುಡ್ ರೇನ್. ಜಾತ್ರೆ ನಡೆಸಿಕೊಟ್ಟವರು ಗುಡ್ ಪೀಪಲ್. ವ್ಯಾಕರಣದ ತಪ್ಪು ಹುಡುಕಿದರೂ ಸಿಗುವುದಿಲ್ಲ. ಆದರೆ ಓದಿ ಮುಗಿಸಿದ ಮೇಲೂ ಆ ಜಾತ್ರೆ ಕಣ್ಣ ಮುಂದೆ ಬರುವುದಿಲ್ಲ.

ಬರೆದ ಹುಡುಗನ ತಲೆಯಲ್ಲಿ ಜಾತ್ರೆ ಚೆನ್ನಾಗಿಯೇ ಇದೆ. ಒಳ್ಳೆ ರಶ್ ಇತ್ತು, ಒಳ್ಳೆ ಮಳೆ ಬಂತು ಅಂತ ನಾವೆಲ್ಲ ಹೇಳುತ್ತೇವೆ ಅಲ್ವಾ? ಅದೇ ‘ಒಳ್ಳೆ’ ಇಂಗ್ಲಿಷಿಗೆ ಹೋಗಿ ಎಲ್ಲ ಕಡೆ ಗುಡ್ ಆಗಿ ಕೂತಿದೆ. ಇದಕ್ಕೆ ಎಲ್ಲರೂ ಕೊಡುವ ಸಲಹೆ ಒಂದೇ: ಸಮಾನಾರ್ಥಕ ಪದ ಕಲಿಯಿರಿ. ಸರಿ, ಎಲ್ಲಿಂದ ಕಲಿಯೋದು? ಅದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ಹಾಗಾಗಿ ಈ ಜಾತ್ರೆಯ ಐದು ಗುಡ್‌ಗಳನ್ನೇ ಮುಂದಿಟ್ಟುಕೊಂಡು, ಸಿಗುವ ದಾರಿಗಳನ್ನೆಲ್ಲ ನಾನೂ ಬಳಸಿದೆ, ವಿದ್ಯಾರ್ಥಿಗಳ ಕೈಯಲ್ಲೂ ಬಳಸಿಸಿದೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಗುಣವಾಚಕದಿಂದ ಇನ್ನೊಂದು ಗುಣವಾಚಕಕ್ಕೆ ಹಾರುವ ದಾರಿ ಹೊಸಬರಿಗೆ ಕೈಕೊಡುತ್ತದೆ. ನಾಮಪದದ ಕಡೆಯಿಂದ ಗುಣವಾಚಕಕ್ಕೆ ಬರುವ ದಾರಿ ಕೈಹಿಡಿಯುತ್ತದೆ.

ಬಾಯಿಪಾಠದ ಪಟ್ಟಿ

ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಆಗಿ ಬರುವ ಚಿತ್ರ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡು, ಶಾಲೆಯ ಗೋಡೆಯ ಚಾರ್ಟು, ಎಲ್ಲದರ ರೂಪವೂ ಒಂದೇ. ಎಡಗಡೆ ಗುಡ್, ಬಲಗಡೆ ಎಕ್ಸಲೆಂಟ್, ಫೈನ್, ಸುಪರ್ಬ್, ವಂಡರ್‌ಫುಲ್. ಖರ್ಚಿಲ್ಲ, ಬಸ್ಸಿನಲ್ಲಿ ಕೂತು ಓದಬಹುದು, ಬೇಗ ಬಾಯಿಗೆ ಬರುತ್ತದೆ. ಹುಡುಗರಿಗೆ ಇದೇ ಜಾಸ್ತಿ ಇಷ್ಟ.

ತೊಂದರೆ ಶುರುವಾಗುವುದು ಬರೆಯಲು ಕೂತಾಗ. ಪಟ್ಟಿಯಲ್ಲಿ ಎಲ್ಲ ಪದಗಳೂ ಸಮಾನ ಅನ್ನುವಂತೆ ನಿಂತಿರುತ್ತವೆ, ನಿಜದಲ್ಲಿ ಒಂದೂ ಸಮಾನ ಅಲ್ಲ. ಕೆಲವು ಪದಗಳ ಒಳಗೇ ‘ತುಂಬಾ’ ಅನ್ನುವ ಅರ್ಥ ಸೇರಿಕೊಂಡಿರುತ್ತದೆ. ವೆರಿ ಬಿಗ್ ಅನ್ನಬಹುದು, ವೆರಿ ಎನಾರ್ಮಸ್ ಅಂದರೆ ಕಿವಿಗೆ ಸರಿಬರುವುದಿಲ್ಲ. ಆಬ್ಸಲ್ಯೂಟ್ಲಿ ಎನಾರ್ಮಸ್ ಅನ್ನಬೇಕು. ವೆರಿ ಟಯರ್ಡ್ ಸರಿ, ವೆರಿ ಎಕ್ಸಾಸ್ಟೆಡ್ ಬೇಡ. ಇನ್ನು ಕೆಲವು ಪದಗಳಿಗೆ ವಾಕ್ಯದಲ್ಲಿ ಕೂರುವ ಜಾಗವೇ ಬೇರೆ. ಹ್ಯಾಪಿ ಮತ್ತು ಗ್ಲಾಡ್ ಪಟ್ಟಿಯಲ್ಲಿ ಅಕ್ಕಪಕ್ಕ ಇರುತ್ತವೆ. ಎ ಹ್ಯಾಪಿ ಮ್ಯಾನ್ ಅಂತ ಬರೆಯಬಹುದು. ಎ ಗ್ಲಾಡ್ ಮ್ಯಾನ್ ಅಂತ ಯಾರೂ ಬರೆಯುವುದಿಲ್ಲ. ಐ ಆಮ್ ಗ್ಲಾಡ್ ಅನ್ನುವ ಕಡೆ ಮಾತ್ರ ಅದಕ್ಕೆ ಜಾಗ.

ಎಲ್ಲಕ್ಕಿಂತ ದೊಡ್ಡ ಅಪಾಯ ಪದದ ಮನಸ್ಸಿನದು. ಓಲ್ಡ್ ಮುಂದೆ ಏಜ್ಡ್, ಏನ್ಶಿಯಂಟ್, ಆ್ಯಂಟೀಕ್, ಎಲ್ಡರ್ಲಿ ಅಂತ ಬಾಯಿಪಾಠ ಮಾಡಿದ್ದ ಹುಡುಗಿಯೊಬ್ಬಳು ಪ್ರೀತಿಯಿಂದಲೇ ‘ಮೈ ಏನ್ಶಿಯಂಟ್ ಗ್ರ್ಯಾಂಡ್‌ಮದರ್’ ಅಂತ ಬರೆದಳು. ಅಜ್ಜಿ ಹಂಪಿಯ ಮಂಟಪದ ಜೊತೆ ಸೇರಿಹೋದರು. ಅವಳ ತಪ್ಪು ಏನೂ ಇಲ್ಲ, ಪಟ್ಟಿ ಅವಳಿಗೆ ಅಷ್ಟೇ ಹೇಳಿಕೊಟ್ಟಿತ್ತು. ಸ್ಲಿಮ್ ಅಂದರೆ ಹೊಗಳಿಕೆ, ಸ್ಕಿನ್ನಿ ಅಂದರೆ ಕೊಂಕು. ಫೇಮಸ್ ಅಂದರೆ ಹೆಸರುವಾಸಿ, ನೊಟೋರಿಯಸ್ ಅಂದರೆ ಕುಖ್ಯಾತ. ಚೈಲ್ಡ್‌ಲೈಕ್ ಅನ್ನುವುದು ಮಗುವಿನ ಮುಗ್ಧತೆ, ಚೈಲ್ಡಿಶ್ ಅನ್ನುವುದು ಹುಡುಗಾಟಿಕೆ. ಇವನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸುವ ಪಟ್ಟಿಗಳನ್ನು ನಾನೇ ನೋಡಿದ್ದೇನೆ.

ಜಾತ್ರೆಗೆ ಹಾಕಿ ನೋಡಿದಾಗ ಬಂದದ್ದು ಎಕ್ಸಲೆಂಟ್ ಕ್ರೌಡ್, ಸುಪರ್ಬ್ ರೇನ್, ಫೈನ್ ರೋಡ್. ಬಣ್ಣ ಬದಲಾಯಿತು, ಜಾತ್ರೆ ಮಾತ್ರ ಮೊದಲಿನಷ್ಟೇ ಮಸುಕು.

ಥೆಸಾರಸ್

ಥೆಸಾರಸ್ ಅಂದರೆ ಅರ್ಥದಲ್ಲಿ ಹತ್ತಿರದ ಪದಗಳನ್ನು ಗುಂಪು ಮಾಡಿ ಕೊಡುವ ಪುಸ್ತಕ. ಅದರಲ್ಲೂ ರೋಜೆಟ್ ಥೆಸಾರಸ್ ಬಗ್ಗೆ ನನಗೆ ತುಂಬಾ ಗೌರವ ಇದೆ. ಪೀಟರ್ ಮಾರ್ಕ್ ರೋಜೆಟ್ ವೃತ್ತಿಯಲ್ಲಿ ವೈದ್ಯರು. 1805ರಲ್ಲಿ ತಮ್ಮ ಬರವಣಿಗೆಗೆ ಸಹಾಯವಾಗಲಿ ಅಂತ ಪದಗಳ ಒಂದು ಸಣ್ಣ ಸಂಗ್ರಹ ಮಾಡಿಕೊಂಡಿದ್ದರು. ಕೆಲಸದಿಂದ ನಿವೃತ್ತರಾದ ಮೇಲೆ ಅದನ್ನೇ ಬೆಳೆಸಿ 1852ರಲ್ಲಿ ಪುಸ್ತಕವಾಗಿ ತಂದರು. ಆಗ ಅವರಿಗೆ 73 ವರ್ಷ. ಮೊದಲ ಮುದ್ರಣದಲ್ಲಿ ಸುಮಾರು 15,000 ಪದಗಳಿದ್ದವು, ಅವನ್ನು 1000 ತಲೆಬರಹಗಳ ಕೆಳಗೆ ಹಂಚಿದ್ದರು. ಅದು ಅಕಾರಾದಿಯಲ್ಲಿ ಇರಲಿಲ್ಲ. ಭಾವ, ವಿಚಾರಗಳ ಪ್ರಕಾರ ಜೋಡಿಸಿ, ಒಂದು ವಿಚಾರದ ಎದುರಿಗೆ ಅದರ ವಿರುದ್ಧವನ್ನು ಇಟ್ಟಿದ್ದರು.

ಈ ಪುಸ್ತಕ ಯಾರಿಗಾಗಿ ಹುಟ್ಟಿತು ಅನ್ನುವುದನ್ನು ಗಮನಿಸಬೇಕು. ಇಂಗ್ಲಿಷ್ ಮನೆಮಾತಾಗಿರುವ, ಪದ ಗೊತ್ತಿದ್ದೂ ಆ ಹೊತ್ತಿಗೆ ನಾಲಿಗೆ ತುದಿಯಲ್ಲಿ ಸಿಕ್ಕಿಕೊಂಡಿರುವ ಬರಹಗಾರನಿಗೆ. ಅವನು ಸಾಲನ್ನು ನೋಡುತ್ತಾನೆ, ತನಗೆ ಬೇಕಾದ ಪದ ಕಂಡ ಕೂಡಲೇ ‘ಹಾಂ, ಇದೇ’ ಅನ್ನುತ್ತಾನೆ. ಉಳಿದವು ಯಾಕೆ ಬೇಡ ಅನ್ನುವುದು ಅವನಿಗೆ ಮೊದಲೇ ಗೊತ್ತು. ನಮ್ಮ ಹುಡುಗರಿಗೆ ಆ ‘ಹಾಂ’ ಬರುವುದಿಲ್ಲ. ಅವರು ಉದ್ದನೆಯ ಪದ ಆರಿಸುತ್ತಾರೆ. ಗುಡ್ ಕೆಳಗೆ ವರ್ಚುಅಸ್ ಕಂಡಿತು ಅಂತ ಒಬ್ಬ ‘ವರ್ಚುಅಸ್ ಕ್ರೌಡ್’ ಅಂತ ಬರೆದ. ತೇರು ಎಳೆಯೋಕೆ ಬಂದ ಜನರೆಲ್ಲ ಸದ್ಗುಣಿಗಳು ಅಂದಹಾಗಾಯಿತು.

ಆನ್‌ಲೈನ್ ಥೆಸಾರಸ್‌ಗಳು ಹುಡುಕಾಟವನ್ನು ಸುಲಭ ಮಾಡಿವೆ. ಯಾವ ಪದ ಹತ್ತಿರದ್ದು, ಯಾವುದು ದೂರದ್ದು ಅಂತ ತೋರಿಸುವ ವ್ಯವಸ್ಥೆ ಕೆಲವದರಲ್ಲಿದೆ. ಆದರೆ ಅರ್ಥದಲ್ಲಿ ಹತ್ತಿರ ಇರುವುದು ಬೇರೆ, ಬಳಕೆಯಲ್ಲಿ ಹೊಂದುವುದು ಬೇರೆ. ಮೆರಿಯಮ್-ವೆಬ್‌ಸ್ಟರ್‌ನವರು ಕೆಲವು ಪದಗಳ ಕೆಳಗೆ ಸರಿಯಾದ ಸಮಾನಾರ್ಥಕ ಆರಿಸುವುದು ಹೇಗೆ ಅಂತ ಟಿಪ್ಪಣಿ ಕೊಡುತ್ತಾರೆ. ಆ ಟಿಪ್ಪಣಿ ಇರುವ ಕಡೆ ಸುಮ್ನೆ ದಾಟಿ ಹೋಗಬೇಡಿ, ಅದು ಪಟ್ಟಿಗಿಂತ ಬೆಲೆಬಾಳುತ್ತದೆ.

ಫೋನಿನ ಎಷ್ಟೋ ಉಚಿತ ಸಿನಾನಿಮ್ ಆ್ಯಪ್‌ಗಳ ಹಿಂದೆ ಇರುವುದು ವರ್ಡ್‌ನೆಟ್ ಅನ್ನುವ ಪದಸಂಗ್ರಹ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ಅವರ ಮುಂದಾಳತ್ವದಲ್ಲಿ 1985ರಲ್ಲಿ ಶುರುವಾದ ಕೆಲಸ ಅದು. ಗುಣವಾಚಕಗಳನ್ನು ಅಲ್ಲಿ ವಿರುದ್ಧ ಜೋಡಿಗಳ ಸುತ್ತ ಕಟ್ಟಿದ್ದಾರೆ. ವೆಟ್ ಒಂದು ಕಡೆ, ಡ್ರೈ ಇನ್ನೊಂದು ಕಡೆ, ಎರಡರ ಸುತ್ತ ಹತ್ತಿರದ ಪದಗಳ ಗುಂಪು. ಸಂಶೋಧನೆಗೆ ಬಹಳ ಒಳ್ಳೆಯದು, ಪ್ರಬಂಧ ಬರೆಯುವವರಿಗೆ ಅಷ್ಟಾಗಿ ಪ್ರಯೋಜನ ಇಲ್ಲ.

ಕಲಿಯುವವರ ನಿಘಂಟು

ಇಲ್ಲಿಂದ ಚಿತ್ರ ಬದಲಾಗುತ್ತದೆ. ಜಪಾನಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಜೊತೆಗಾರರು ಅಲ್ಲಿನ ವಿದ್ಯಾರ್ಥಿಗಳನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಅದನ್ನೇ ಆಕ್ಸ್‌ಫರ್ಡ್‌ನವರು ಪ್ರಕಟಿಸಿದರು. ಇವತ್ತಿನ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಮೂಲ ಅದು. ಇಂಗ್ಲಿಷ್ ಮನೆಮಾತಲ್ಲದವರಿಗೆ ಅಂತಲೇ ಹುಟ್ಟಿದ ಪುಸ್ತಕ ಅನ್ನುವುದು ಪುಟ ಪುಟದಲ್ಲೂ ಗೊತ್ತಾಗುತ್ತದೆ. ಆನ್‌ಲೈನ್‌ನಲ್ಲಿ ಉಚಿತ. ಲಾಂಗ್‌ಮನ್ ನಿಘಂಟೂ ಹಾಗೇ ಸಿಗುತ್ತದೆ.

ಇವುಗಳಲ್ಲಿ ಅಲ್ಲಲ್ಲಿ ಸಣ್ಣ ಚೌಕಗಳಿರುತ್ತವೆ, ನನಗೆ ಬೇಕಾದದ್ದು ಅವೇ. ಬಿಗ್, ಲಾರ್ಜ್, ಗ್ರೇಟ್ ಮೂರನ್ನೂ ಒಟ್ಟಿಗೆ ಇಟ್ಟು ಯಾವುದು ಯಾವುದರ ಜೊತೆ ಅಂತ ತೋರಿಸುತ್ತವೆ. ಪ್ರಮಾಣದ ಮಾತು ಬಂದರೆ ಲಾರ್ಜ್: ಲಾರ್ಜ್ ಅಮೌಂಟ್, ಲಾರ್ಜ್ ನಂಬರ್. ಸಮಸ್ಯೆ, ನಿರ್ಧಾರ, ತಪ್ಪು ಇಂಥವಕ್ಕೆ ಬಿಗ್: ಬಿಗ್ ಪ್ರಾಬ್ಲಂ, ಬಿಗ್ ಮಿಸ್ಟೇಕ್. ಯಶಸ್ಸಿಗೆ ಗ್ರೇಟ್ ಸಕ್ಸೆಸ್. ಬಿಗ್ ಅಮೌಂಟ್ ಅಂತ ಬರೆಯುತ್ತಿದ್ದವರಿಗೆ ಇದನ್ನು ಒಮ್ಮೆ ತೋರಿಸಿದರೆ ಸಾಕು, ಮತ್ತೆ ಹೇಳಬೇಕಾಗಿಲ್ಲ.

ಕೊರತೆ ಏನು? ಗುಡ್‌ನಂಥ ಪದ ಹುಡುಕಿದರೆ ಅರ್ಥಗಳ ಉದ್ದನೆಯ ಸಾಲು ಬರುತ್ತದೆ. ತನಗೆ ಬೇಕಾದದ್ದು ಯಾವ ಅರ್ಥ ಅಂತ ಹುಡುಗ ಮೊದಲು ಆರಿಸಬೇಕು. ತಾಳ್ಮೆ ಇದ್ದವರಿಗೆ ಸಿಗುತ್ತದೆ, ಇಲ್ಲದವರು ಮೊದಲನೆಯದನ್ನೇ ಎತ್ತಿಕೊಂಡು ಹೋಗುತ್ತಾರೆ.

ಕಾಲೊಕೇಶನ್ ನಿಘಂಟು

ನನ್ನ ಮಟ್ಟಿಗೆ ಗೆದ್ದದ್ದು ಇದು. ಯಾವ ಪದದ ಜೊತೆ ಯಾವ ಪದ ಬರುತ್ತದೆ ಅನ್ನುವುದಷ್ಟೇ ಇದರ ಕೆಲಸ. ಆಕ್ಸ್‌ಫರ್ಡ್ ಕಾಲೊಕೇಶನ್ಸ್ ಡಿಕ್ಷನರಿ 2002ರಲ್ಲಿ ಬಂತು, 2009ರಲ್ಲಿ ಪರಿಷ್ಕೃತ ಮುದ್ರಣ. ಇದರಲ್ಲಿ ಗುಡ್ ಹುಡುಕಬಾರದು. ಕ್ರೌಡ್ ಹುಡುಕಬೇಕು, ರೇನ್ ಹುಡುಕಬೇಕು.

ರೇನ್ ಕೆಳಗೆ ಏನಿದೆ ನೋಡಿ. ಹೆವಿ, ಟೊರೆನ್ಶಿಯಲ್ ಒಂದು ಗುಂಪು. ಲೈಟ್, ಫೈನ್, ಜೆಂಟಲ್ ಇನ್ನೊಂದು. ಅರ್ಥ ಬದಲಾದ ಕಡೆ ಗುಂಪು ಬದಲಾಗುತ್ತದೆ. ಫೈನ್ ರೇನ್ ಅಂದರೆ ಸಣ್ಣ ತುಂತುರು ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಬಾಯಿಪಾಠದ ಪಟ್ಟಿ ನಂಬಿ ಗುಡ್ ರೇನ್ ಬದಲು ಫೈನ್ ರೇನ್ ಅಂತ ಬರೆದವನ ಜಾತ್ರೆಯಲ್ಲಿ ಜೋರು ಮಳೆ ಹೋಗಿ ಹನಿ ಉದುರಿದ ಹಾಗಾಗಿತ್ತು.

ಹುಡುಗನ ಜೊತೆ ಕೂತು ಈ ಪುಟ ತೆಗೆದಾಗ ನಡೆದದ್ದೇ ಬೇರೆ. ಪುಟದಲ್ಲಿ ಹತ್ತಾರು ಆಯ್ಕೆ ಕಂಡ ಕೂಡಲೇ ಅವನಿಗೆ ಪ್ರಶ್ನೆ ಬಂತು: ಆವತ್ತು ಬಂದದ್ದು ಎಂಥ ಮಳೆ? ಅವನೇ ನೆನಪು ಮಾಡಿಕೊಂಡ. “ಮೇಡಂ, ತೇರು ಹೊರಡೋವಾಗ ಜಿನುಗ್ತಿತ್ತು, ತಿರುಗಿ ಬರೋಷ್ಟರಲ್ಲಿ ಸುರಿದುಬಿಡ್ತು.” ಒಂದು ಗುಡ್ ಇದ್ದ ಜಾಗಕ್ಕೆ ಲೈಟ್ ರೇನ್, ಆಮೇಲೆ ಟೊರೆನ್ಶಿಯಲ್ ರೇನ್ ಬಂತು. ಕ್ರೌಡ್ ಕೆಳಗೆ ಹ್ಯೂಜ್ ಇತ್ತು, ಚಿಯರಿಂಗ್ ಇತ್ತು. ತೇರಿನ ಹಗ್ಗ ಹಿಡಿದವರ ಕೂಗು ನೆನಪಾಗಿ ಚಿಯರಿಂಗ್ ಆರಿಸಿದ. ರೋಡ್ ಕೆಳಗೆ ನ್ಯಾರೋ, ವೈಂಡಿಂಗ್, ಬಂಪಿ, ಡಸ್ಟಿ ನೋಡಿ ಅವನು ಹೇಳಿದ್ದು, ರಸ್ತೆ ನಿಜವಾಗಿ ಕಿರಿದು, ಜಾತ್ರೆಗೆ ಅಂತ ಹೊಸದಾಗಿ ಡಾಂಬರು ಹಾಕಿದ್ದರು ಅಷ್ಟೇ. ನ್ಯಾರೋ ಅಂತ ಬರೆದು ಡಾಂಬರಿನ ಮಾತೂ ಸೇರಿಸಿದ. ಗುಡ್ ರೋಡ್ ಅಂತ ಬರೆದಾಗ ಈ ವಿಷಯ ಎಲ್ಲೂ ಇರಲಿಲ್ಲ.

ಗುಣವಾಚಕ ಬದಲಿಸುವುದು ಅಂದರೆ ಪದ ಬದಲಿಸುವುದಲ್ಲ, ಇನ್ನೊಮ್ಮೆ ನೋಡುವುದು. ಈ ನಿಘಂಟು ನೋಡುವ ಕೆಲಸವನ್ನು ಮಾಡಿಸುತ್ತದೆ. ಇದಕ್ಕೇ ನಾನು ಇದರ ಪರ.

ಆದರೆ ಇದರಲ್ಲಿ ಪದದ ಅರ್ಥ ಕೊಡುವುದಿಲ್ಲ. ಟೊರೆನ್ಶಿಯಲ್ ಅಂದರೇನು ಅಂತ ಗೊತ್ತಿಲ್ಲದವರು ಕಲಿಯುವವರ ನಿಘಂಟನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಬೇಕು. ಪೀಪಲ್‌ನಂಥ ವಿಶಾಲ ಪದಗಳಿಗೆ ಇದು ಹೆಚ್ಚು ಸಹಾಯ ಮಾಡುವುದಿಲ್ಲ. ಊಟ ಹಾಕಿದವರನ್ನು ಜನರಸ್ ಅನ್ನಬಹುದು, ಬಂದವರನ್ನು ನೋಡಿಕೊಂಡವರನ್ನು ಹಾಸ್ಪಿಟಬಲ್ ಅನ್ನಬಹುದು. ಅವು ಸಿಕ್ಕಿದ್ದು ಕಲಿಯುವವರ ನಿಘಂಟಿನಲ್ಲಿ. ಕೊನೆಗೆ ಹುಡುಗ ಅಲ್ಲಿ ‘ಗುಡ್ ಪೀಪಲ್’ ಅಂತಲೇ ಉಳಿಸಿಕೊಂಡ. ನಾನು ಒಪ್ಪಿದೆ. ಒಳ್ಳೆಯ ಜನರನ್ನು ಗುಡ್ ಅಂದರೆ ಏನು ತಪ್ಪು? ಉಳಿದ ನಾಲ್ಕು ಹೋದ ಮೇಲೆ ಆ ಒಂದು ಗುಡ್‌ಗೆ ಬೆಲೆ ಬಂದಿತ್ತು.

ಉಳಿದವು

ಕನ್ನಡದಲ್ಲೇ ಯೋಚಿಸಿ ಇಂಗ್ಲಿಷಿಗೆ ಹೋಗುವವರಿಗೆ ‘ಅಲರ್’ ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು, 2019ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿದೆ. ಒಂದೂವರೆ ಲಕ್ಷದಷ್ಟು ಕನ್ನಡ ಪದಗಳಿವೆ. ಜಿನುಗು, ಒರಟು, ಸೊಗಸು ಅಂತ ನಮ್ಮ ಪದ ಹಾಕಿ ಹುಡುಕಬಹುದು ಅನ್ನುವುದೇ ಖುಷಿ. ಅಲ್ಲಿ ಇಂಗ್ಲಿಷಿನಲ್ಲಿ ವಿವರಣೆ ಸಿಗುತ್ತದೆ. ಆ ವಿವರಣೆಯಿಂದ ಒಂದು ಪದ ಹಿಡಿದು ಕಾಲೊಕೇಶನ್ ನಿಘಂಟಿಗೆ ಹೋದರೆ ಕೆಲಸ ಪೂರ್ತಿ ಆಗುತ್ತದೆ.

ಆಂಕಿ ಅನ್ನುವುದು ಕಲಿತ ಪದ ಮರೆಯದ ಹಾಗೆ ನೋಡಿಕೊಳ್ಳುವ ಫ್ಲ್ಯಾಶ್‌ಕಾರ್ಡ್ ಆ್ಯಪ್. ಮರೆಯುವ ಹೊತ್ತಿಗೆ ಸರಿಯಾಗಿ ಕಾರ್ಡು ಮತ್ತೆ ಎದುರಿಗೆ ತರುತ್ತದೆ. ಆಂಡ್ರಾಯ್ಡ್‌ನಲ್ಲಿ ಉಚಿತ, ಐಫೋನ್‌ನಲ್ಲಿ ದುಡ್ಡು ಕೊಡಬೇಕು. ಕಾರ್ಡಿನ ಮೇಲೆ ಟೊರೆನ್ಶಿಯಲ್ ಅಂತ ಒಂಟಿ ಪದ ಬರೆಯಬೇಡಿ, ಟೊರೆನ್ಶಿಯಲ್ ರೇನ್ ಅಂತ ಜೋಡಿ ಬರೆಯಿರಿ. ಒಂಟಿ ಪದ ಕಲಿತವರು ಅದನ್ನು ಗುರುತಿಸುತ್ತಾರೆ, ಬರೆಯುವಾಗ ಬಳಸುವುದಿಲ್ಲ.

ಎಐ ಚಾಟ್‌ಬಾಟ್‌ಗಳಿಗೆ ಇಡೀ ಪ್ರಬಂಧ ಕೊಟ್ಟು ತಿದ್ದಿಸಿದರೆ ಚಂದದ ಇಂಗ್ಲಿಷ್ ಬರುತ್ತದೆ, ಆದರೆ ಆವತ್ತು ರಸ್ತೆ ಕಿರಿದಾಗಿತ್ತು ಅನ್ನುವುದು ಅದಕ್ಕೆ ಗೊತ್ತಿಲ್ಲ. ಸುಮ್ನೆ ಸೀನಿಕ್ ರೋಡ್ ಅಂತ ಸೇರಿಸಿಬಿಡುತ್ತದೆ. ಸ್ಲಿಮ್ ಮತ್ತು ಸ್ಕಿನ್ನಿ ನಡುವಿನ ವ್ಯತ್ಯಾಸ ಏನು, ಎರಡೆರಡು ವಾಕ್ಯ ಕೊಡು ಅಂತ ಕೇಳಿದರೆ ಮಾತ್ರ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.

ಯಾರಿಗೆ ಯಾವುದು? ಬರವಣಿಗೆ ಸುಧಾರಿಸಬೇಕು ಅನ್ನುವವರು ಕಲಿಯುವವರ ನಿಘಂಟು ಮತ್ತು ಕಾಲೊಕೇಶನ್ ನಿಘಂಟು, ಇವೆರಡನ್ನೇ ಹಿಡಿಯಿರಿ. ಈಗಾಗಲೇ ಸಾಕಷ್ಟು ಇಂಗ್ಲಿಷ್ ಓದಿರುವವರಿಗೆ ಥೆಸಾರಸ್ ಒಳ್ಳೆಯ ಜೊತೆಗಾರ. ಕೇಂದ್ರ ಸರ್ಕಾರದ ನೌಕರಿಗೆ ನಡೆಯುವ ಎಸ್‌ಎಸ್‌ಸಿ ತರಹದ ಪರೀಕ್ಷೆಗೆ ಓದುತ್ತಿರುವವರ ಮಾತು ಬೇರೆ. ಅಲ್ಲಿ ಪದ ಕೊಟ್ಟು ಸಮಾನಾರ್ಥಕ ಗುರುತಿಸು ಅಂತಲೇ ನೇರವಾಗಿ ಕೇಳುತ್ತಾರೆ, ಹಾಗಾಗಿ ಪಟ್ಟಿ ಬಿಡುವಂತಿಲ್ಲ. ಆದರೆ ಕಂಡ ಕಂಡ ಪಟ್ಟಿ ಓದುವ ಬದಲು ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಯಿಂದ ಪದಗಳನ್ನು ಆರಿಸಿ, ಒಂದೊಂದಕ್ಕೂ ಒಂದು ನಾಮಪದ ಜೋಡಿಸಿ ಆಂಕಿಗೆ ಹಾಕಿಕೊಳ್ಳಿ. ಪರೀಕ್ಷೆ ಮುಗಿದ ಮೇಲೂ ಆ ಜೋಡಿಗಳು ಬರೆಯುವಾಗ ಕೆಲಸಕ್ಕೆ ಬರುತ್ತವೆ.