ಸಾಂಟಾ ಫೆಯ ಅರ್ಜೆಂಟ್ ಕೇರ್: ಶೆಡ್ ಗುಡಿಸಿದ್ರಾ ಅಂತ ಕೇಳಿದ ಡಾಕ್ಟರಮ್ಮ

ನ್ಯೂ ಮೆಕ್ಸಿಕೋದಲ್ಲಿರುವ ಕನ್ನಡದವರಿಗೆ ಈ ಕ್ಲಿನಿಕ್ಕಿಗೆ ಹೋಗಿ ಅಂತ ಧೈರ್ಯವಾಗಿ ಹೇಳ್ತೀನಿ. ಇಲ್ಲಿನ ಡಾಕ್ಟರಮ್ಮ ಕೈಯಿಟ್ಟು, ಕಿವಿಗೊಟ್ಟು ಪರೀಕ್ಷೆ ಮಾಡ್ತಾರೆ.

ನಮ್ಮ ಯಜಮಾನರಿಗೆ ಜ್ವರ, ತೊಡೆ ಸೊಂಟ ಎಲ್ಲ ಕಿತ್ತುಹೋಗುವಂಥ ನೋವು. ಮೊದಲು ಹೋದ ಕಡೆ ಫ್ಲೂ ಅಂತ ಮಾತ್ರೆ ಬರೆದು ಕಳಿಸಿದ್ದರು. ಇಲ್ಲಿ ಮೊದಲ ಪ್ರಶ್ನೆಯೇ, "ಇತ್ತೀಚೆಗೆ ಶೆಡ್ಡು, ಗ್ಯಾರೇಜು ಏನಾದರೂ ಗುಡಿಸಿದ್ರಾ?" ಹೋದ ತಿಂಗಳು ಗುಡಿಸಿದ್ದರು, ತುಂಬಾ ಇಲಿ ಹಿಕ್ಕೆ ಇತ್ತು. ಶ್ವಾಸಕೋಶಕ್ಕೆ ಕಾಯಿಲೆ ತರುವ ಹಂಟಾವೈರಸ್ ಅನ್ನೋ ವೈರಸ್ ಹೊತ್ತು ತಿರುಗುವ ಡಿಯರ್ ಮೌಸ್ ಅನ್ನೋ ಇಲಿ ಈ ಕಡೆ ಸಾಮಾನ್ಯ. ಹಿಕ್ಕೆಯ ಧೂಳು ಉಸಿರಲ್ಲಿ ಹೋದರೆ 1ರಿಂದ 8 ವಾರದೊಳಗೆ ಜ್ವರ ಬರಬಹುದು. 1993ರಲ್ಲಿ ಅಮೆರಿಕದಲ್ಲಿ ಈ ಶ್ವಾಸಕೋಶದ ಕಾಯಿಲೆ ಮೊದಲು ಗೊತ್ತಾಗಿದ್ದು ನ್ಯೂ ಮೆಕ್ಸಿಕೋ ಸೇರಿ ನಾಲ್ಕು ರಾಜ್ಯಗಳು ಕೂಡುವ ಫೋರ್ ಕಾರ್ನರ್ಸ್ ಸೀಮೆಯಲ್ಲಿ. 2025ರಲ್ಲಿ ನಟ ಜೀನ್ ಹ್ಯಾಕ್‌ಮನ್ ಅವರ ಪತ್ನಿ ಬೆಟ್ಸಿ ಅರಕಾವಾ ತೀರಿಕೊಂಡಿದ್ದು ನಮ್ಮ ಸಾಂಟಾ ಫೆಯಲ್ಲೇ, ಇದರಿಂದಲೇ.

ಆಮೇಲೆ ಗಂಟಲು, ಮೂಗು ನೋಡಿದರು. ನೆಗಡಿ, ಗಂಟಲು ನೋವು ಎರಡೂ ಇಲ್ಲ ಅಂದಾಗ ಅವರ ಮುಖ ಗಂಭೀರವಾಯಿತು. ಫ್ಲೂ ಆಗಿದ್ದರೆ ಸಾಮಾನ್ಯವಾಗಿ ಇರುತ್ತಂತೆ. ನಾಡಿ ಹಿಡಿದ ಹಾಗೆ ಕೈ ಹಿಡಿದುಕೊಂಡೇ ಪೂರ್ತಿ ಒಂದು ನಿಮಿಷ ಎದೆ ಏರಿಳಿಯೋದನ್ನ ಎಣಿಸಿದರು. ಉಸಿರು ಎಣಿಸ್ತಿದ್ದಾರೆ ಅಂತ ಗೊತ್ತಾದರೆ ನಾವು ಉಸಿರಾಡೋ ರೀತಿಯೇ ಬದಲಾಗುತ್ತಲ್ಲ, ಅದಕ್ಕೆ. ಬೆನ್ನಿನ ಕೆಳಭಾಗಕ್ಕೆ ಸ್ಟೆತಸ್ಕೋಪ್ ಇಟ್ಟು ತುಂಬಾ ಹೊತ್ತು ಕೇಳಿದರು. ಬಿಪಿ ನೋಡಿ, ಬೆರಳಿಗೆ ಆಕ್ಸಿಮೀಟರ್ ಹಾಕಿ ಕಾರಿಡಾರಿನಲ್ಲಿ ನಡೆಸಿದರು.

"ಶ್ವಾಸಕೋಶ ಕ್ಲಿಯರ್ ಇದೆ, ಆದರೆ ಅಷ್ಟಕ್ಕೇ ನಾನು ಬಿಡಲ್ಲ" ಅಂದರು. ಶುರುವಿನ ದಿನಗಳಲ್ಲಿ ಎದೆಯಲ್ಲಿ ಏನೂ ಕೇಳಿಸದೆ, ಆಮೇಲೆ ಕೆಮ್ಮು, ಏದುಸಿರು ಬಂದರೆ ಗಂಟೆಗಳಲ್ಲೇ ನೀರು ತುಂಬಿಕೊಳ್ಳಬಹುದಂತೆ. ಇದಕ್ಕಂತಲೇ ಔಷಧಿಯಿಲ್ಲ, ಹಾಗಾಗಿ ಮುಂಚೆಯೇ ಐಸಿಯು ಇರುವ ಕಡೆ ಸೇರಿರಬೇಕು. ಪ್ಲೇಟ್‌ಲೆಟ್ ನೋಡಲು ರಕ್ತ ತೆಗೆದರು (ಡೆಂಗಿ ಕಂಡ ನಮಗೆ ಆ ಪದ ಕೇಳಿದರೇ ಎದೆ ಧಸಕ್ಕೆನ್ನುತ್ತೆ), ಮರುದಿನ ಮತ್ತೆ ಕರೆಸಿದರು. ಎರಡು ಸಲವೂ ಸರಿಯಿತ್ತು, ಜ್ವರವೂ ಇಳಿಯಿತು. ರಾತ್ರಿ ಉಸಿರು ಕಟ್ಟಿದರೆ ಕಾಯದೆ 911ಕ್ಕೆ ಫೋನ್ ಮಾಡಿ ಅಂತ ಬರೆದೂ ಕೊಟ್ಟಿದ್ದರು.

ಕೊರತೆಯೂ ಇದೆ. ಒಳಗೆ ಹೋಗುತ್ತಲೇ ಸಿಗುವ ಕೌಂಟರಿನಲ್ಲಿ ಕೊಡುವ ಫಾರಂನಲ್ಲಿ ಅಲರ್ಜಿ, ಪ್ರಯಾಣ ಎಲ್ಲಾ ಕೇಳ್ತಾರೆ, ಇಲಿ ವಿಷಯ ಎಲ್ಲೂ ಇಲ್ಲ. ಬೇರೆ ಡಾಕ್ಟರು ಡ್ಯೂಟಿಯಲ್ಲಿದ್ದರೆ ಕೇಳ್ತಾರೋ ಇಲ್ಲವೋ, ನೀವೇ ಮೊದಲು ಹೇಳಿಬಿಡಿ.