ಎವಿಯಾನ್ ನೀರು: ಒರತೆಯ ಬಳಿ ಕುಡಿದದ್ದು, ಬೆಂಗಳೂರಿನಲ್ಲಿ ಕೊಂಡದ್ದು

ನಾನು ಸುರಂಗದ ನೀರು ಕುಡಿದು ಬೆಳೆದವನು. ಬಂಟ್ವಾಳ ತಾಲೂಕಿನ ನಮ್ಮ ಮನೆಯ ಹಿಂದೆ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗವಿದ್ದು, ಅದರ ನೀರು ತಾನಾಗಿಯೇ ಇಳಿದುಬಂದು ಅಂಗಳದ ಬದಿಯ ತೊಟ್ಟಿಗೆ ಬೀಳುತ್ತಿತ್ತು. ಆದ್ದರಿಂದ ಫ್ರಾನ್ಸಿನ ಎವಿಯಾನ್ ನೀರನ್ನು ಬೆಂಗಳೂರಿನ ಅಂಗಡಿಗಳಲ್ಲಿ ಕಂಡಾಗಲೆಲ್ಲ, ಬೆಟ್ಟದ ನೀರಿಗೆ ಇಷ್ಟೊಂದು ಬೆಲೆ ಬರುವಂಥದ್ದು ಅದರಲ್ಲಿ ಏನಿದೆ ಎಂಬ ಪ್ರಶ್ನೆ ಏಳುತ್ತಿತ್ತು. ಕಳೆದ ವರ್ಷ ಮಗಳನ್ನು ನೋಡಲು ಸ್ವಿಟ್ಜರ್ಲೆಂಡಿನ ಲೋಸಾನ್‌ಗೆ ಹೋದಾಗ ಆ ಒರತೆಯನ್ನೇ ಕಂಡು ಬಂದೆ. ಮರಳಿದ ಮೇಲೆ ಬಾಟಲಿಯ ನೀರನ್ನು ಮನೆಯಲ್ಲಿ ಬಳಸಿಯೂ ನೋಡಿದೆ.

ಲೋಸಾನ್‌ನಿಂದ ಲೆಮಾನ್ ಸರೋವರವನ್ನು ದೋಣಿಯಲ್ಲಿ ದಾಟಲು ಸುಮಾರು 35 ನಿಮಿಷ ಬೇಕು. ಆಚೆ ದಡದಲ್ಲಿರುವುದೇ ಎವಿಯಾನ್-ಲೆ-ಬ್ಯಾಂ ಪಟ್ಟಣ. 1789ರ ಸುಮಾರಿಗೆ ಒಬ್ಬ ಶ್ರೀಮಂತರು ಕಾಶಾ ಎಂಬವರ ತೋಟದ ಒರತೆಯ ನೀರು ಕುಡಿದು ತಮ್ಮ ಮೂತ್ರಪಿಂಡದ ಬೇನೆ ವಾಸಿಯಾಯಿತೆಂದು ನಂಬಿದರಂತೆ. ಊರಿನ ಹೆಸರು ಹಬ್ಬಿದ್ದು ಆ ಕಥೆಯಿಂದ. ಆ ಕಾಶಾ ಒರತೆ ಈಗಲೂ ಸಾರ್ವಜನಿಕ ನಲ್ಲಿಯೊಂದರಲ್ಲಿ ಹರಿಯುತ್ತದೆ, ಅದಕ್ಕೆ ಯಾರೂ ಹಣ ಕೇಳುವುದಿಲ್ಲ. ನಾನು ಅಲ್ಲಿ ನಿಂತಿದ್ದಾಗ ವಯಸ್ಸಾದ ಹೆಂಗಸೊಬ್ಬರು ಕೈಗಾಡಿಯಲ್ಲಿ ಆರು ಗಾಜಿನ ಬಾಟಲಿಗಳನ್ನು ತಂದು, ಒಂದೊಂದನ್ನೂ ಅದೇ ನೀರಿನಲ್ಲಿ ಕುಲುಕಿ ಚೆಲ್ಲಿ, ನಿಧಾನವಾಗಿ ತುಂಬಿಸಿಕೊಂಡರು. ನಮ್ಮ ತೊಟ್ಟಿಯ ಬಳಿ ಅಮ್ಮ ಕೊಡ ತೊಳೆಯುತ್ತಿದ್ದ ರೀತಿಯೂ ಹೀಗೆಯೇ ಇತ್ತು. ವರ್ಷವಿಡೀ ನೀರಿನ ಉಷ್ಣತೆ 11.6 ಡಿಗ್ರಿ, ಬೊಗಸೆಯಲ್ಲಿ ಹಿಡಿದರೆ ಹೂಜಿಯ ನೀರಿಗಿಂತ ಹೆಚ್ಚು ತಂಪು, ಫ್ರಿಜ್ಜಿನ ನೀರಿನಂತೆ ಹಲ್ಲಿಗೆ ಜುಮ್ಮೆನ್ನಿಸುವುದಿಲ್ಲ.

ನನ್ನ ಗೌರವ ಹೆಚ್ಚಿದ್ದು ನೀರು ಹುಟ್ಟುವ ನೆಲದ ವಿಚಾರ ತಿಳಿದ ಮೇಲೆ. ಪಟ್ಟಣದ ಮೇಲ್ಗಡೆ, ಸಮುದ್ರಮಟ್ಟದಿಂದ ಸರಾಸರಿ 850 ಮೀಟರ್ ಎತ್ತರದಲ್ಲಿ, ಗಾವೋ ಪ್ರಸ್ಥಭೂಮಿಯಿದೆ. ಅಲ್ಲಿ ಬಿದ್ದ ಮಳೆ ಮತ್ತು ಹಿಮದ ನೀರು, ಹಿಮಯುಗದ ಹಿಮನದಿಗಳು ಬಿಟ್ಟುಹೋದ ಮರಳಿನ ಪದರದೊಳಗೆ, ಮೇಲೆ ಕೆಳಗೆ ಜೇಡಿಮಣ್ಣಿನ ರಕ್ಷಣೆಯಲ್ಲಿ ಸೋಸಿಕೊಂಡು ಒರತೆಯನ್ನು ಮುಟ್ಟಲು 15 ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಇಂದು ಹೊಲಕ್ಕೆ ಸುರಿದ ಗೊಬ್ಬರವೋ ಕೀಟನಾಶಕವೋ ಇನ್ನೊಂದು ತಲೆಮಾರಿನ ಲೋಟದಲ್ಲಿ ಕಾಣಿಸಿಕೊಳ್ಳಬಹುದೆಂಬುದು ಅಲ್ಲಿಯವರಿಗೆ ಗೊತ್ತು. ಅದಕ್ಕೆಂದೇ 1992ರಲ್ಲಿ ಮೇಲಿನ ಹಳ್ಳಿಗಳೂ ಒರತೆಯಿರುವ ಊರುಗಳೂ ನೀರನ್ನು ಬಾಟಲಿಗೆ ತುಂಬಿಸುವ ಕಂಪನಿಯೂ ಸೇರಿ ಒಂದು ಸಂಘವನ್ನು ಕಟ್ಟಿಕೊಂಡವು. ಜೌಗುಭೂಮಿಯನ್ನು ಕಾಯುವುದು, ಹಸು ಸಾಕಿ ಚೀಸ್‌ಗೆ ಹಾಲು ಕೊಡುವ ರೈತರ ಸಗಣಿ-ಗಂಜಲ ನೆಲಕ್ಕೆ ಹೇಗೆ ಸೇರಬೇಕೆಂದು ನೋಡಿಕೊಳ್ಳುವುದು ಅದರ ಕೆಲಸ. ನಮ್ಮ ಸುರಂಗದ ಮೇಲಿನ ಗುಡ್ಡದಲ್ಲಿ ಇಂಥ ಯಾವ ಮಾತುಕತೆಯೂ ನಡೆಯಲಿಲ್ಲ. ಕಾಡು ಹೋಗಿ ರಬ್ಬರ್ ಬಂತು, ಸುತ್ತ ಕೊಳವೆಬಾವಿಗಳು ಬಂದವು, ಮೇ ತಿಂಗಳಲ್ಲೂ ಹರಿಯುತ್ತಿದ್ದ ನೀರು ಈಗ ಫೆಬ್ರವರಿಗೇ ಹನಿಯಾಗುತ್ತದೆ.

ತುಂಬಿಸುವ ಕ್ರಮವೂ ಕಟ್ಟುನಿಟ್ಟಾದದ್ದು. ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ನೈಸರ್ಗಿಕ ಖನಿಜಯುಕ್ತ ನೀರನ್ನು ಕ್ಲೋರಿನ್ ಮುಂತಾದವುಗಳಿಂದ ಶುದ್ಧೀಕರಿಸುವಂತಿಲ್ಲ, ಟ್ಯಾಂಕರಿನಲ್ಲಿ ಬೇರೆಡೆಗೆ ಒಯ್ದು ತುಂಬಿಸುವಂತೆಯೂ ಇಲ್ಲ. ನಮ್ಮಲ್ಲಿ ಎಲ್ಲ ಬಾಟಲಿಗೂ ‘ಮಿನರಲ್ ವಾಟರ್’ ಎನ್ನುವ ರೂಢಿಯಿದೆ; ಆದರೆ ಭಾರತೀಯ ಮಾನದಂಡಗಳಲ್ಲಿ (ಐಎಸ್) ಐಎಸ್ 13428 ನೈಸರ್ಗಿಕ ಖನಿಜಯುಕ್ತ ನೀರಿನ ಮಾನದಂಡ, ಐಎಸ್ 14543 ಆರ್‌ಒ ಮುಂತಾದ ಸಂಸ್ಕರಣೆಗೆ ಒಳಗಾಗಬಹುದಾದ ಸಾಮಾನ್ಯ ಬಾಟಲಿ ನೀರಿನದು.

ಇನ್ನು ರುಚಿ. ಲೇಬಲ್ಲಿನ ಪ್ರಕಾರ ಒಂದು ಲೀಟರಿನಲ್ಲಿ ಕ್ಯಾಲ್ಸಿಯಂ 80 ಮಿಲಿಗ್ರಾಂ, ಮೆಗ್ನೀಸಿಯಂ 26, ಬೈಕಾರ್ಬೊನೇಟ್ 360, ಸೋಡಿಯಂ ಕೇವಲ 6.5. ಲೆಕ್ಕ ಹಾಕಿದರೆ ಗಡಸುತನ, ಕ್ಯಾಲ್ಸಿಯಂ ಕಾರ್ಬೊನೇಟ್‌ನ ಅಳತೆಯಲ್ಲಿ, ಲೀಟರಿಗೆ ಸುಮಾರು 300 ಮಿಲಿಗ್ರಾಂ ಆಗುತ್ತದೆ, ಅಂದರೆ ಇದು ಗಡಸು ನೀರೇ. ನಾಲಿಗೆಗೆ ಉಪ್ಪು ತಾಕುವುದಿಲ್ಲ, ಆದರೆ ನೀರಿಗೆ ತೂಕವಿದೆ, ಕುಡಿದ ಮೇಲೆ ಬಾಯಲ್ಲಿ ಸುಣ್ಣದ ತೀರ ತೆಳುವಾದ ನೆನಪು ಉಳಿಯುತ್ತದೆ. ಮುರಕಲ್ಲಿನ ನೀರು ಇದಕ್ಕೆ ತದ್ವಿರುದ್ಧವಾಗಿ ಹಗುರ. ಎವಿಯಾನನ್ನು ಹಾಗೆಯೇ ಕುಡಿಯಲು ನನಗೆ ಇಷ್ಟವಾಯಿತು. ಅಡುಗೆಮನೆಗೆ ಮಾತ್ರ ಅದು ಒಗ್ಗಲಿಲ್ಲ. ಸ್ಟೀಲ್ ಪಾತ್ರೆಯಲ್ಲಿ ಕುದಿಸಿದಾಗ ಬೈಕಾರ್ಬೊನೇಟ್ ಒಡೆದು ಸುಣ್ಣವಾಗಿ ತಳದಲ್ಲಿ ಬಿಳಿಯ ಪುಡಿ ಕೂತಿತು. ಹಾಲಿಲ್ಲದ ಚಹಾ ಮಾಡಿದರೆ ಬಣ್ಣ ಮಂಕಾಗಿ ಮೇಲೆ ಕೆನೆಯಂಥ ಪೊರೆ ಕಟ್ಟಿತು, ಫಿಲ್ಟರ್ ಕಾಫಿಯ ಡಿಕಾಕ್ಷನ್ ಸಪ್ಪೆಯೆನಿಸಿತು. ಈ ನೀರು ದುಬಾರಿಯಾದ ಮಾತ್ರಕ್ಕೆ ಕಾಫಿ ರುಚಿಯಾದೀತೆಂದು ಯಾರೂ ಎಣಿಸಬಾರದು.

ಬೆಂಗಳೂರಿನಲ್ಲಿ ನಾನು ಕೊಂಡ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ಇನ್ನೂರು ರೂಪಾಯಿಗೂ ಹೆಚ್ಚು ತೆತ್ತೆ. ಅಂಗಡಿಯವರು ಪೆಟ್ಟಿಗೆಗಳನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಜೋಡಿಸಿಟ್ಟಿದ್ದರು. ಮುಚ್ಚಳ ತೆರೆದಾಗ ತೆಳುವಾದ ಪ್ಲಾಸ್ಟಿಕ್ ವಾಸನೆ ಬಂತು, ಒರತೆಯ ಬಳಿ ಕುಡಿದ ನೀರನ್ನು ಅದರಲ್ಲಿ ಗುರುತಿಸಲು ನನಗೆ ಕಷ್ಟವಾಯಿತು. ಅದು ನೀರಿನ ದೋಷವಲ್ಲ, ಇರಿಸಿದ ರೀತಿಯ ದೋಷ. ಆದರೂ ಸಾಗರ ದಾಟಿ ಬರುವ ನೀರಿಗೆ ಅಂಥ ಅಪಾಯ ಜೊತೆಗೇ ಬರುತ್ತದೆ, ಖಾಲಿ ಬಾಟಲಿಯ ಹೊರೆಯನ್ನು ನಮ್ಮ ಊರೇ ಹೊರಬೇಕಾಗುತ್ತದೆ. ದಿನನಿತ್ಯ ಕುಡಿಯಲು ಇದನ್ನು ನಾನು ಯಾರಿಗೂ ಸೂಚಿಸಲಾರೆ. ಒಮ್ಮೆ ರುಚಿ ನೋಡಬೇಕೆನ್ನುವವರು ಗಾಜಿನ ಬಾಟಲಿಯಲ್ಲಿ ಬರುವುದನ್ನು, ಬಿಸಿಲು ತಾಗದ ಅಂಗಡಿಯಿಂದ ಕೊಂಡು, ತುಸುವೇ ತಂಪು ಮಾಡಿ, ಊಟಕ್ಕೆ ಮೊದಲು ಹಾಗೆಯೇ ಕುಡಿಯಲಿ. ಲೋಸಾನ್ ಅಥವಾ ಜಿನೀವಾ ಕಡೆಗೆ ಹೋಗುವವರು ಒಂದು ಖಾಲಿ ಬಾಟಲಿಯೊಂದಿಗೆ ದೋಣಿ ಹತ್ತಿ, ಕಾಶಾ ಒರತೆಯ ನಲ್ಲಿಯಲ್ಲೇ ತುಂಬಿಸಿಕೊಳ್ಳಲಿ.